ಟಿಪ್ಪರ್ ಕೊಳ್ಳುವ ಮುನ್ನ ಹೂಳನ್ನು ತೂಗಿ ನೋಡಿ: ನಮ್ಮ ಪುರಸಭೆಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ, ಮುಖ್ಯಾಧಿಕಾರಿಗಳೇ, ಎಲ್ಲ ವಾರ್ಡುಗಳ ಸದಸ್ಯರೇ,

ಬರುವ ಸಾಮಾನ್ಯ ಸಭೆಯ ಅಜೆಂಡಾ ಪ್ರತಿಯನ್ನು ನಮ್ಮ ವಾರ್ಡಿನ ಸದಸ್ಯರು ಮೊನ್ನೆ ಗ್ಯಾರೇಜಿಗೆ ಬಂದಾಗ ತೋರಿಸಿದರು. ಒಂಬತ್ತನೆಯ ವಿಷಯ: ‘ಪಟ್ಟಣದ ನೈರ್ಮಲ್ಯ ಕೆಲಸಗಳಿಗಾಗಿ ಎರಡು ಮಿನಿ ಟಿಪ್ಪರ್ ಖರೀದಿಸುವ ಬಗ್ಗೆ.’ ಅಷ್ಟೇ ಇರುವುದು. ಎಷ್ಟು ಟನ್ನಿನ ಗಾಡಿ, ಯಾವ ಕೆಲಸಕ್ಕೆ, ಯಾವ ಬೀದಿಗೆ ಎಂಬ ಮಾತೇ ಇಲ್ಲ. ಸ್ಮಶಾನದ ಕಾಂಪೌಂಡು, ಬೀದಿದೀಪ, ಸಂತೆ ಹರಾಜು ಇವುಗಳ ನಡುವೆ ಅದೂ ಪಾಸಾಗಿಬಿಡುತ್ತದೆ. ಪಾಸಾಗುವ ಮೊದಲೇ ನನ್ನ ಮಾತು ನಿಮ್ಮ ಕಿವಿಗೆ ಬೀಳಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕ್. 1991ರಿಂದ ಇದೇ ಊರಿನಲ್ಲಿ ಸ್ಪ್ಯಾನರ್ ಹಿಡಿದಿದ್ದೇನೆ. ಪುರಸಭೆಯ ಗಾಡಿಗಳು ಕೆಟ್ಟಾಗ ಬಹುಪಾಲು ಬರುವುದು ನನ್ನ ಶೆಡ್ಡಿಗೇ. ಗಾಡಿ ಕೆಟ್ಟರೆ ನನಗೆ ದುಡಿಮೆ, ನಿಜ. ಆದರೆ ಗಾಡಿ ನಿಂತ ದಿನ ನಾರುವುದು ನನ್ನ ಮನೆ ಮುಂದಿನ ಚರಂಡಿಯೂ ಹೌದು. ಅದೇ ಗಾಡಿ, ಅದೇ ಜಾಗದಲ್ಲಿ, ಅದೇ ಕಾರಣಕ್ಕೆ ಮೂರನೇ ಸಲ ಮುರಿದುಕೊಂಡು ಬಂದಾಗ ಬಿಲ್ಲು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವ ಉದ್ದೇಶ ನನಗಿಲ್ಲ. ಮಲೆನಾಡಿನ ಅಂಚಿನ ಒಂದು ಪುರಸಭೆ ಎಂದಷ್ಟೇ ಗೊತ್ತಾದರೆ ಸಾಕು. ಬೇರೆ ಊರಿನವರು ಓದಿದರೂ ತಮ್ಮ ಊರಿನ ಕತೆಯೇ ಅನ್ನಿಸೀತು.

ಹೋದ ಏಪ್ರಿಲ್ ಕೊನೆಯಲ್ಲಿ ಒಂದು ಕಸದ ಗಾಡಿಯನ್ನು ಎಳೆದು ತಂದರು. ಎಡಗಡೆಯ ಹಿಂದಿನ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಕಟ್ಟಾಗಿತ್ತು. ಮೇನ್ ಬ್ಲೇಡೂ ಅದರ ಕೆಳಗಿನದೂ ಎರಡೂ ಹೋಗಿದ್ದವು, ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಹಾಪರ್, ಅಂದರೆ ಕಸ ತುಂಬುವ ಡಬ್ಬದ ಒಳಗೆ ಕಸ ಇರಲಿಲ್ಲ, ಚರಂಡಿಯ ಹೂಳಿತ್ತು. ಮಳೆಗಾಲಕ್ಕೆ ಮುಂಚೆ ಚರಂಡಿ ಎತ್ತಿಸುತ್ತೀರಲ್ಲ, ಆ ಹೂಳು. ಜಂಬಿಟ್ಟಿಗೆ ಪುಡಿ, ಯಾರದೋ ಮನೆ ಕಟ್ಟುವಾಗ ಕೊಚ್ಚಿಬಂದ ಎಂ-ಸ್ಯಾಂಡು, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಕವರು ಎಲ್ಲ ಕಲೆತು ಕರಿ ಅಂಟಾಗಿತ್ತು. ಹಾಪರ್ ಅರ್ಧದಷ್ಟೇ ತುಂಬಿತ್ತು. ‘ಅರ್ಧ ಲೋಡಿಗೇ ಮುರಿಯಿತು, ಗಾಡಿಯೇ ಸರಿಯಿಲ್ಲ’ ಎಂದು ಜೊತೆಗೆ ಬಂದವರು ಬೈದರು. ನನಗೆ ತಡೆಯಲಿಲ್ಲ. ಪಾಟಾ ಕಟ್ಟಿ ಮುಗಿಸಿ, ಹೂಳನ್ನು ಹಾಗೇ ಬಿಟ್ಟು, ಅಕ್ಕಿ ಗಿರಣಿಯ ಪಕ್ಕದ ವೇಬ್ರಿಡ್ಜಿಗೆ ನಿಧಾನಕ್ಕೆ ಓಡಿಸಿಕೊಂಡು ಹೋದೆವು. ಖಾಲಿ ಗಾಡಿಯ ತೂಕ ಕಳೆದ ಮೇಲೆ ಉಳಿದದ್ದು 1,480 ಕಿಲೋ. ಕಾಗದದಲ್ಲಿ ಆ ಗಾಡಿ ಹೊರಬೇಕಾದದ್ದು ಮುಕ್ಕಾಲು ಟನ್ನಿನ ಒಳಗೆ. ಹಾಪರ್, ಅದನ್ನು ಎತ್ತುವ ಜಾಕ್, ಪಂಪು, ಎಣ್ಣೆ ಟ್ಯಾಂಕಿನ ತೂಕವೂ ಗಾಡಿಯ ಬೆನ್ನ ಮೇಲೇ ಇರುವುದರಿಂದ ನಿಜವಾಗಿ ಹೊರಬಹುದಾದದ್ದು ಇನ್ನೂ ಕಡಿಮೆ.

ನಮ್ಮ ತೊಂದರೆಯ ಬೇರು ಇರುವುದು ಇಲ್ಲಿ. ಕಣ್ಣು ನೋಡುವುದು ಡಬ್ಬದ ಗಾತ್ರವನ್ನು, ಪಾಟಾ ಹೊರುವುದು ತೂಕವನ್ನು. ಕಸದ ಗಾಡಿಯ ಹಾಪರ್ ಸಾಮಾನ್ಯವಾಗಿ 1.8 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 64 ಘನ ಅಡಿ. ಮನೆಗಳ ಕಸ ಒಂದು ಘನ ಮೀಟರಿಗೆ 350ರಿಂದ 500 ಕಿಲೋ ತೂಗುತ್ತದೆ. ಹಾಪರ್ ಬಾಯಿಮಟ ತುಂಬಿದರೂ ಗಾಡಿ ಹೇಗೋ ತಡೆದುಕೊಳ್ಳುತ್ತದೆ. ಒಣ ಎಲೆ, ಪೇಪರು, ಪ್ಲಾಸ್ಟಿಕ್ ಆದರೆ ಇದರ ಕಾಲುಭಾಗವೂ ಇರುವುದಿಲ್ಲ. ಹಸಿ ಹೂಳು ಹಾಗಲ್ಲ. ಒಂದು ಘನ ಮೀಟರಿಗೆ ಒಂದೂವರೆ ಟನ್ನಿನ ಮೇಲೆಯೇ. ಜಲ್ಲಿ, ಎಂ-ಸ್ಯಾಂಡು, ಒಡೆದ ಗೋಡೆಯ ಅವಶೇಷ ಎಲ್ಲವೂ ಆಸುಪಾಸು ಅಷ್ಟೇ. ಅದೇ 1.8 ಘನ ಮೀಟರ್ ಹಾಪರನ್ನು ಹೂಳಿನಿಂದ ತುಂಬಿದರೆ ಮೂರು ಟನ್ ಸಮೀಪ ಹೋಗುತ್ತದೆ. ಗಾಡಿ ಮುರಿದದ್ದು ಕಂಪನಿಯ ತಪ್ಪೂ ಅಲ್ಲ, ಡ್ರೈವರನ ತಪ್ಪೂ ಅಲ್ಲ. ಮಗುವಿನ ಬೆನ್ನಿಗೆ ಭತ್ತದ ಮೂಟೆ ಹೊರಿಸಿದ್ದೆವು.

ಹೀಗೆ ಹೊರಿಸಿದ್ದಕ್ಕೆ ದಂಡ ಪಾಟಾ ಒಂದರಲ್ಲೇ ಮುಗಿಯುವುದಿಲ್ಲ. ಮೊದಲು ಕ್ಲಚ್ ಪ್ಲೇಟ್ ಸುಡುತ್ತದೆ, ಆಮೇಲೆ ಹಬ್ ಬೇರಿಂಗ್ ಹೋಗುತ್ತದೆ. ಅದಾದ ಮೇಲೆ, ಯಾರ ಕಣ್ಣಿಗೂ ಬೀಳದ ಹಾಗೆ, ಜಾಕ್ ಕೂರಿಸಿದ ಜಾಗದಲ್ಲಿ ಗಾಡಿಯ ಅಡಿಚೌಕಟ್ಟಾದ ಚಾಸಿಸ್‌ಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಗ್ರೀಸು, ಕೊಳಕು ಒರೆಸಿ ಟಾರ್ಚ್ ಹಿಡಿದರೆ ಮಾತ್ರ ಕಾಣುತ್ತದೆ. ನಿಮ್ಮ ಮೂರು ಗಾಡಿಗಳಲ್ಲಿ ಅದನ್ನು ನಾನು ಕಂಡಿದ್ದೇನೆ. ಎರಡಕ್ಕೆ ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿದೆ. ಮೂರನೆಯದಕ್ಕೆ ಮಾಡುವುದಿಲ್ಲವೆಂದು ವಾಪಸ್ ಕಳಿಸಿದೆ, ಯಾಕೆಂದರೆ ಆ ಗಾಡಿಯ ಹಿಂದೆ ಇಬ್ಬರು ಹೆಂಗಸರು ನಿಂತುಕೊಂಡು ಹೋಗುತ್ತಾರೆ. ಕಾನೂನು ಕೂಡ ಸುಮ್ಮನಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಅತಿಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಎಂದಿದೆ. ಪುರಸಭೆಯ ಗಾಡಿಯನ್ನು ಇಲ್ಲಿ ಯಾರೂ ಅಡ್ಡಹಾಕಿಲ್ಲ ಎಂದ ಮಾತ್ರಕ್ಕೆ ಮುಂದೆಯೂ ಅಡ್ಡಹಾಕುವುದಿಲ್ಲ ಎಂದಲ್ಲ.

ಇನ್ನು ‘ಮಿನಿ ಟಿಪ್ಪರ್’ ಎಂಬ ಪದಕ್ಕೆ ಬರುತ್ತೇನೆ. ನೀವು ಒಂದು ಪದ ಬರೆದಿದ್ದೀರಿ, ಆದರೆ ಮಾರುಕಟ್ಟೆಯಲ್ಲಿ ಆ ಪದಕ್ಕೆ ಮೂರು ಬೇರೆ ಬೇರೆ ಗಾಡಿಗಳಿವೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಊರೂರಿಗೂ ಹಬ್ಬಿದ ಚಿಕ್ಕ ಜಾತಿ ಒಂದು. ಅಗಲ ಐದು ಅಡಿ ಅಷ್ಟೇ, ಎಂಥ ಗಲ್ಲಿಗೂ ನುಗ್ಗುತ್ತದೆ. ನಡುವಿನದು ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಜಾತಿಯದು, ಒಂದು ಒಂದೂವರೆ ಟನ್ ಎಳೆಯುತ್ತದೆ. ಮೂರನೆಯದು 1986ರಿಂದ ನಾವು ‘ಫೋರ್ ನಾಟ್ ಸೆವೆನ್’ ಎಂದೇ ಕರೆಯುವ 407 ಮತ್ತು ಅದರ ಸರೀಕರು. ಎರಡು ಎರಡೂವರೆ ಟನ್ ಹೊರುತ್ತವೆ, ಹಿಂದೆ ಜೋಡಿ ಚಕ್ರ ಬರುವುದೂ ಉಂಟು. ಟೆಂಡರಿನಲ್ಲಿ ಬರಿಯ ‘ಮಿನಿ ಟಿಪ್ಪರ್’ ಎಂದು ಬರೆದರೆ ಕಡಿಮೆ ದರದವರಿಗೆ ಹೋಗುತ್ತದೆ, ಬರುವುದು ಮೊದಲನೆಯ ಜಾತಿಯೇ. ಬಂದ ಮೇಲೆ ಅದಕ್ಕೆ ಹೂಳನ್ನೂ ಹೊರಿಸುತ್ತೀರಿ.

ನಾನು ಕೇಳಿಕೊಳ್ಳುವುದು ಇದಿಷ್ಟೇ: ಈ ಸಲದ ಎರಡು ಗಾಡಿಗಳಲ್ಲಿ ಒಂದಾದರೂ 407 ಜಾತಿಯ, ಪೆಟ್ಟಿಗೆಯಂಥ ಬಾಡಿಯ ನಿಜವಾದ ಟಿಪ್ಪರ್ ಆಗಿರಲಿ. ಹೂಳು, ಮಣ್ಣು, ಜಲ್ಲಿ, ಕಟ್ಟಡದ ಅವಶೇಷ ಎಲ್ಲ ಅದರ ಪಾಲಿಗೆ ಬರಲಿ. ಚಿಕ್ಕ ಹಾಪರ್ ಗಾಡಿಗಳು ಕಸ ಬಿಟ್ಟು ಬೇರೇನನ್ನೂ ಹೊರುವುದು ಬೇಡ.

‘ದೊಡ್ಡ ಗಾಡಿ ಬೆಲೆ ಜಾಸ್ತಿ, ಡೀಸೆಲ್ ಜಾಸ್ತಿ ಕುಡಿಯುತ್ತದೆ’ ಎಂದು ಸಭೆಯಲ್ಲಿ ಯಾರಾದರೂ ಎದ್ದು ಹೇಳುತ್ತಾರೆ. ಬೆಲೆ ಜಾಸ್ತಿ ಎನ್ನುವುದು ನಿಜ. ಡೀಸೆಲ್ ಮಾತನ್ನು ಲೆಕ್ಕ ಹಾಕಿ ನೋಡೋಣ. ಒಂದು ವಾರ್ಡಿನ ಚರಂಡಿಗಳಿಂದ 30 ಟನ್ ಹೂಳು ಎದ್ದಿತು ಎಂದುಕೊಳ್ಳಿ. ಹೂಳು ಸುರಿಯುವ ಯಾರ್ಡಿಗೆ ಹೋಗಿ ಬರಲು 14 ಕಿಲೋಮೀಟರ್ ದಾರಿ. ಚಿಕ್ಕ ಗಾಡಿ ಕಾನೂನು ಪ್ರಕಾರ 600 ಕಿಲೋ ಹೊತ್ತರೆ 50 ಟ್ರಿಪ್ಪು, 700 ಕಿಲೋಮೀಟರು. ಲೀಟರಿಗೆ 14 ಕಿಲೋಮೀಟರ್ ಕೊಟ್ಟರೂ 50 ಲೀಟರ್ ಬೇಕು. ದೊಡ್ಡದು ಎರಡು ಟನ್ ಹೊತ್ತರೆ 15 ಟ್ರಿಪ್ಪು, 210 ಕಿಲೋಮೀಟರು. ಲೀಟರಿಗೆ 7 ಮಾತ್ರ ಕೊಟ್ಟರೂ 30 ಲೀಟರಿನಲ್ಲಿ ಮುಗಿಯಿತು. ಡೀಸೆಲ್ಲಿಗಿಂತ ದೊಡ್ಡ ಉಳಿತಾಯ ಬೇರೆ ಇದೆ. 50 ಸಲ ಗಾಡಿ ಹೋಗಿ ಬರುವವರೆಗೆ ಚರಂಡಿ ಪಕ್ಕದಲ್ಲಿ ರಾಶಿ ಹಾಕಿದ ಹೂಳು ಅಲ್ಲೇ ಬಿದ್ದಿರುತ್ತದೆ. ಒಂದು ಮಳೆ ಬಂದರೆ ಅದೆಲ್ಲ ವಾಪಸ್ ಚರಂಡಿಗೇ. ಹೋದ ವರ್ಷ ಮೀನು ಮಾರ್ಕೆಟ್ಟಿನ ಬೀದಿಯಲ್ಲಿ ಹಾಗೆಯೇ ಆಯಿತು. ಎರಡು ದಿನ ಎತ್ತಿದ ಹೂಳು ಮೂರನೆಯ ದಿನದ ಮಳೆಗೆ ಅಲ್ಲಿಗೇ ಹೋಗಿ ಕೂತಿತು. ಎತ್ತಿದವರ ಎರಡು ದಿನದ ಬೆವರು ನೀರಿಗೆ ಹೋಯಿತು.

ಡ್ರೈವರು ಸಿಗುವುದಿಲ್ಲ ಎಂಬ ಮಾತು ಇನ್ನೊಂದು. ಆ ಚಿಂತೆ ಈಗ ಬೇಡ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಹೇಳಿದೆ. ನಾನು ಹೇಳುತ್ತಿರುವ ಗಾಡಿ ಆ ಮಿತಿಯ ಒಳಗೇ ಬರುತ್ತದೆ. ಇವತ್ತು ಕಸದ ಗಾಡಿ ಓಡಿಸುತ್ತಿರುವ ಹುಡುಗರೇ ಅದನ್ನೂ ಓಡಿಸಬಹುದು. ಲೈಸೆನ್ಸ್ ಇದ್ದರೆ ಕೈ ಪಳಗಿತು ಎಂದಲ್ಲ. ಜಾಕ್ ಎತ್ತಿ ಇಳಿಸುವುದನ್ನು, ಭಾರದ ಗಾಡಿಯನ್ನು ಇಳಿಜಾರಿನಲ್ಲಿ ಗೇರಿನಲ್ಲಿ ಹಿಡಿಯುವುದನ್ನು ಒಂದು ವಾರ ಕಲಿಸಬೇಕು. ಕರೆದರೆ ನಾನೇ ಬಂದು ಕಲಿಸುತ್ತೇನೆ, ಹಣ ಬೇಡ.

ಟ್ರಾಕ್ಟರ್ ಇದೆಯಲ್ಲ ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ರಾಯಚೂರು, ಬಾಗಲಕೋಟೆ ಕಡೆಯ ಸಪಾಟು ಊರುಗಳಲ್ಲಿ ಟ್ರಾಕ್ಟರ್ ಟ್ರೇಲರು ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಅಗ್ಗವೂ ಹೌದು. ನಮ್ಮ ಊರು ಸಪಾಟಲ್ಲ. ಕೋಟೆ ಬೀದಿಯ ಇಳಿಜಾರು ನಿಮಗೆಲ್ಲ ಗೊತ್ತು. ಬ್ರೇಕಿಲ್ಲದ ಟ್ರೇಲರಿನಲ್ಲಿ ಮೂರು ಟನ್ ಹೂಳು ತುಂಬಿ ಅಲ್ಲಿ ಇಳಿಸಿದರೆ ಟ್ರೇಲರೇ ಟ್ರಾಕ್ಟರನ್ನು ದೂಡುತ್ತದೆ. ಮಳೆಯಲ್ಲಿ ಒದ್ದೆಯಾದ ಕಾಂಕ್ರೀಟು ಬೇರೆ. ಗಲ್ಲಿಯೊಳಗೆ ಹೋದ ಟ್ರೇಲರನ್ನು ಹಿಮ್ಮುಖವಾಗಿ ತೆಗೆಯಲು ಬಲ್ಲವರು ಊರಿನಲ್ಲಿ ಇಬ್ಬರೋ ಮೂವರೋ. ಇರುವ ಟ್ರಾಕ್ಟರನ್ನು ಮಾರಬೇಡಿ, ಕೆರೆ ಏರಿಯ ಕೆಳಗಿನ ಬಡಾವಣೆಗಳಿಗೆ ಅದು ಸಾಕು. ಮೇಲಿನ ಪೇಟೆಗೆ ಅದನ್ನು ಕಳಿಸಬೇಡಿ.

ದೊಡ್ಡ ಗಾಡಿಯನ್ನೇ ಎಲ್ಲದಕ್ಕೂ ತರೋಣ ಎಂದೂ ನಾನು ಹೇಳುತ್ತಿಲ್ಲ. ಹಳೇ ಪೇಟೆಯ ಅಕ್ಕಸಾಲಿಗರ ಬೀದಿ ಒಂದು ಕಡೆ ಎಂಟು ಅಡಿ ಚಿಲ್ಲರೆ. ಅಳೆದಿದ್ದೇನೆ. ಅದರಲ್ಲಿ ಎರಡು ಬೈಕು ನಿಂತರೆ ಉಳಿಯುವುದು ಆರು ಅಡಿ. 407 ಅಲ್ಲಿ ಹೋಗಲಾರದು, ಹೋದರೆ ತಿರುಗಲಾರದು. ತಿರುಗಲು ಜಾಗವಿಲ್ಲದ ಬೀದಿಯಲ್ಲಿ ಡ್ರೈವರು ದಿನಾ ಅಷ್ಟುದ್ದ ರಿವರ್ಸ್ ಬರಬೇಕು. ಬೆಳಿಗ್ಗೆ ಏಳು ಗಂಟೆಗೆ, ಮಕ್ಕಳು ಶಾಲೆ ವ್ಯಾನಿಗೆ ಕಾಯುವ ಹೊತ್ತಿಗೆ. ಮನೆ ಮನೆ ಕಸಕ್ಕೆ ಚಿಕ್ಕ ಗಾಡಿಯೇ ಸರಿ.

ಆ ಚಿಕ್ಕ ಗಾಡಿಯನ್ನು ಆರಿಸುವಾಗ ನೋಡಬೇಕಾದ ಅಳತೆಯೊಂದಿದೆ. ಯಾವ ಟೆಂಡರಿನಲ್ಲೂ ನಾನದನ್ನು ಕಂಡಿಲ್ಲ. ಕಸ ಸುರಿಯುವ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ನಮ್ಮ ಬೀದಿಗೆ ಬರುವ ಲೋಡರ್ ಹೆಂಗಸೊಬ್ಬರಿದ್ದಾರೆ, ನನ್ನ ಭುಜಕ್ಕೂ ಬರುವುದಿಲ್ಲ. ಹಾಪರಿನ ಅಂಚು ಅವರ ಹಣೆಯ ಮಟ್ಟದಲ್ಲಿದೆ. ಹಸಿ ಕಸದ ಬುಟ್ಟಿಯನ್ನು ಮೊದಲು ಎದೆಗೆ ಒರಗಿಸಿಕೊಳ್ಳುತ್ತಾರೆ, ಆಮೇಲೆ ಒಂದು ಉಸಿರು ಹಿಡಿದು ತಲೆಯ ಮೇಲಕ್ಕೆ ದೂಡುತ್ತಾರೆ. ಬುಟ್ಟಿ ವಾಲುವಾಗ ಕೊಳೆನೀರು ಮುಂಗೈಯಿಂದ ಇಳಿದು ರವಿಕೆ ತೋಳಿನೊಳಗೆ ಹೋಗುತ್ತದೆ. ಕೆಲವು ಮನೆಗಳ ಮುಂದೆ ಅವರೇ ಒಂದೊಂದು ಸೈಜುಗಲ್ಲು ಇಟ್ಟುಕೊಂಡಿದ್ದಾರೆ, ಅದರ ಮೇಲೆ ಹತ್ತಿ ಸುರಿಯುತ್ತಾರೆ. ಒಂದು ಬೆಳಿಗ್ಗೆಗೆ ಎಷ್ಟು ಸಲ ಹೀಗೆ ಎತ್ತುತ್ತಾರೆ ಎಂದು ಲೆಕ್ಕ ಹಾಕಿ: ಮುನ್ನೂರು ಮನೆ ಇದ್ದರೆ ಮುನ್ನೂರು ಸಲ. ಹಾಪರಿನ ಪಕ್ಕದಲ್ಲಿ ಸೊಂಟದ ಮಟ್ಟಕ್ಕೆ ತೆರೆಯುವ ಬಾಗಿಲು, ಇಲ್ಲವೇ ಹಿಂದೆ ಗಟ್ಟಿಯಾದ ಮೆಟ್ಟಿಲು ಇಡಿಸುವುದಕ್ಕೆ ಬಾಡಿ ಕಟ್ಟುವವರಿಗೆ ಆಗುವ ಖರ್ಚು ದೊಡ್ಡದಲ್ಲ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸಿ ಶಾಲು ಹೊದೆಸುತ್ತೀರಿ. ಆ ಕೈಗಳಿಗೆ ಇದನ್ನೂ ಮಾಡಿಸಿಕೊಡಿ. ಗಾಡಿಯ ನಕ್ಷೆ ಒಪ್ಪುವ ಮೊದಲು ಅವರನ್ನೇ ಕರೆದು ಅಂಚಿನ ಪಕ್ಕ ನಿಲ್ಲಿಸಿ ನೋಡಿ.

ಹಸಿ ಒಣ ಬೇರೆ ಮಾಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಬಂದಾಗಿನಿಂದ ನೀವೂ ಮೈಕಿನಲ್ಲಿ ಹೇಳಿಸುತ್ತಿದ್ದೀರಿ. ಜನ ಬೇರೆ ಮಾಡಿ ಕೊಟ್ಟದ್ದನ್ನು ಒಂದೇ ಡಬ್ಬಕ್ಕೆ ಸುರಿದರೆ ನಾಳೆಯಿಂದ ಅವರೇಕೆ ಬೇರೆ ಮಾಡಿಯಾರು? ನಡುವೆ ತಗಡು ಹಾಕಿ ಎರಡು ಭಾಗ ಮಾಡಿದ ಹಾಪರನ್ನೇ ಕೇಳಿ. ಹಸಿ ಕಸದ ಭಾಗದ ಕೆಳಗೆ ಕೊಳೆನೀರು ಇಳಿಯುವ ತೊಟ್ಟಿ, ಅದಕ್ಕೊಂದು ನಲ್ಲಿ ಇರಲಿ. ಅದಿಲ್ಲದ ಗಾಡಿ ಹೋದ ದಾರಿಯುದ್ದಕ್ಕೂ ಗೆರೆ ಎಳೆದ ಹಾಗೆ ನೀರು ಸುರಿಯುತ್ತದೆ. ತಗಡಿನ ದಪ್ಪ ಎಷ್ಟು ಮಿಲಿಮೀಟರ್ ಎಂದು ಬರೆಯದಿದ್ದರೆ ತೆಳ್ಳನೆಯದೇ ಬರುತ್ತದೆ, ಹುಳಿತ ಕಸದ ರಸ ಎರಡು ಮಳೆಗಾಲದೊಳಗೆ ಅದನ್ನು ಜರಡಿ ಮಾಡುತ್ತದೆ. ನಾನು ಬಿಚ್ಚಿದ ಒಂದು ಹಾಪರಿನ ತಳ ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಉಡುಪಿ, ಮಂಗಳೂರು ಕಡೆ ಉಪ್ಪು ಗಾಳಿಯೂ ಸೇರಿ ಇದು ಇನ್ನೂ ಬೇಗ ಆಗುತ್ತದೆ.

ಎಂಜಿನ್ ವಿಷಯ ಹೇಳಲೇಬೇಕು, ಈಗ ನನ್ನ ಶೆಡ್ಡಿಗೆ ಅತಿ ಹೆಚ್ಚು ಬರುವ ದೂರು ಅದೇ. 2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್-6 ನಿಯಮ ಬಂತು. ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಕೂತಿದೆ, ಡಿಪಿಎಫ್ ಎನ್ನುತ್ತೇವೆ. ಅದರಲ್ಲಿ ಕೂತ ಮಸಿ ಆಗಾಗ ಸುಟ್ಟುಹೋಗಬೇಕು. ಸುಡಬೇಕಾದರೆ ಹೊಗೆ 550, 600 ಡಿಗ್ರಿಯಷ್ಟು ಬಿಸಿಯಾಗಬೇಕು. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡುವ ಗಾಡಿಗೆ ಇದು ಸಲೀಸು. ಕಸದ ಗಾಡಿ ಹತ್ತು ಮಾರು ಹೋಗಿ ನಿಲ್ಲುತ್ತದೆ, ಮತ್ತೆ ಹತ್ತು ಮಾರು. ಎಂಜಿನ್ ಆರಿಸುವುದೂ ಇಲ್ಲ, ಓಡಿಸುವುದೂ ಇಲ್ಲ. ಮಸಿ ತುಂಬಿಕೊಳ್ಳುತ್ತಲೇ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಅದರ ಅರ್ಥ ಡ್ರೈವರಿಗೆ ಯಾರೂ ಹೇಳಿರುವುದಿಲ್ಲ. ಕೊನೆಗೆ ಗಾಡಿ ಪಿಕಪ್ ಬಿಟ್ಟು ನಿಂತುಬಿಡುತ್ತದೆ. ಕಂಪ್ಯೂಟರ್ ಹಾಕಿ ಸರಿಮಾಡುವ ಸರ್ವೀಸ್ ಸೆಂಟರು ಇರುವುದು ಜಿಲ್ಲಾ ಕೇಂದ್ರದಲ್ಲಿ, ನನ್ನಂಥವನ ಶೆಡ್ಡಿನಲ್ಲಿ ಅಲ್ಲ. ಗಾಡಿ ಹೋಗಿ ಬರುವುದಕ್ಕೆ ವಾರ ಹಿಡಿಯುತ್ತದೆ. ಆ ವಾರ ಎರಡು ವಾರ್ಡುಗಳ ಕಸ ಮೂಲೆ ಮೂಲೆಯಲ್ಲಿ.

ಆದ್ದರಿಂದ ಮನೆ ಕಸದ ಗಾಡಿಗೆ ಡೀಸೆಲ್ ಬಿಟ್ಟು ಬೇರೆಯದನ್ನು ಯೋಚಿಸುವ ಕಾಲ ಬಂದಿದೆ ಎನ್ನುವುದು ನನ್ನ ಅಭಿಪ್ರಾಯ. ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರು, ನೂರಾರು ಸಲ ನಿಲ್ಲುವುದು, ರಾತ್ರಿಯಿಡೀ ಒಂದೇ ಕಡೆ ನಿಂತಿರುವುದು: ಬ್ಯಾಟರಿ ಗಾಡಿಗೆ ಹೇಳಿ ಮಾಡಿಸಿದ ಕೆಲಸ. 2022ರಲ್ಲಿ ಬಂದ ಏಸ್ ಇವಿಯ ಬ್ಯಾಟರಿ 21.3 ಕಿಲೋವ್ಯಾಟ್ ಅವರ್. ಕಂಪನಿ ಹೇಳುವ ಮೈಲೇಜು ಒಂದು ಚಾರ್ಜಿಗೆ 154 ಕಿಲೋಮೀಟರ್. ನಮ್ಮ ಏರು, ಹೊರೆ, ಜಾಕಿಗೆ ಹೋಗುವ ಕರೆಂಟು ಎಲ್ಲ ಸೇರಿ ಅದು ಅರ್ಧಕ್ಕೆ ಇಳಿದರೂ ದಿನದ ಸುತ್ತು ಮುಗಿದು ಮಿಗುತ್ತದೆ. ಆದರೆ ಕಾಗದ ನಂಬಿ ಕೊಳ್ಳಬೇಡಿ. ಒಂದು ದಿನ ಡೆಮೊ ಗಾಡಿ ತರಿಸಿ, ನಿಜವಾದ ಕಸ ತುಂಬಿಸಿ, ಕೋಟೆ ಬೀದಿ ಹತ್ತಿಸಿ. ಬ್ಯಾಟರಿಗೆ ವಾರಂಟಿ ಎಷ್ಟು ವರ್ಷ, ಕೆಟ್ಟರೆ ಬಂದು ನೋಡುವವರು ಯಾರು ಎಂಬುದನ್ನು ಬರಹದಲ್ಲಿ ಪಡೆಯಿರಿ. ಹೂಳಿನ ಟಿಪ್ಪರ್ ಮಾತ್ರ ಡೀಸೆಲ್ಲೇ ಇರಲಿ. ಅದು ಭಾರ ಹೊತ್ತು ಊರಾಚೆ ಓಡುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಡಿಪಿಎಫ್ ತೊಂದರೆ ಕಡಿಮೆ.

ನನ್ನ ಶೆಡ್ಡಿನ ಮೂಲೆಯಲ್ಲಿ ಒಂದು ಹೊನ್ನೆ ಮರದ ದಿಮ್ಮಿ ಇದೆ. ಅದರ ತಲೆಯ ಮೇಲೆ ಮೂರು ಬೆರಳು ಆಳದ ಗಾಯ. ಆರು ವರ್ಷದ ಹಿಂದೆ ಒಂದು ಟಿಪ್ಪರಿನ ಡಬ್ಬ ಎತ್ತಿ ಕೆಳಗೆ ನನ್ನ ಹುಡುಗ ಪಂಪಿನ ಆಯಿಲ್ ಸೀಲ್ ಬದಲಿಸುತ್ತಿದ್ದ. ಗಾಡಿಯ ಜೊತೆ ಬಂದ ಸಪೋರ್ಟ್ ರಾಡು ಎಂದೋ ಕಳಚಿ ಹೋಗಿತ್ತು, ಅದಕ್ಕೇ ಈ ದಿಮ್ಮಿಯನ್ನು ಚಾಸಿಸ್ ಮತ್ತು ಡಬ್ಬದ ನಡುವೆ ನಿಲ್ಲಿಸಿದ್ದೆ. ಜಾಕಿಗೆ ಎಣ್ಣೆ ಒಯ್ಯುವ ಹೋಸು ಪಟ್ ಎಂದು ಒಡೆಯಿತು. ಎಣ್ಣೆ ಚಾವಣಿಗೆ ಹಾರಿತು. ಡಬ್ಬ ಕೆಳಗಿಳಿಯಿತು ಎಂದು ನಾನು ನೋಡುವಷ್ಟರಲ್ಲಿ ಅದು ದಿಮ್ಮಿಯ ಮೇಲೆ ಕೂತಾಗಿತ್ತು. ಹುಡುಗನ ತಲೆಗೂ ತಗಡಿಗೂ ನಡುವೆ ಒಂದು ಗೇಣು ಉಳಿದಿತ್ತು. ಅವನು ಹೊರಗೆ ಬಂದು ಕುಳಿತ. ಸಂಜೆಯವರೆಗೆ ಮಾತಾಡಲಿಲ್ಲ.

ಜಾಕ್ ಎತ್ತುತ್ತದೆ, ಆದರೆ ಹಿಡಿದಿಡುತ್ತದೆ ಎಂದು ನಂಬುವ ಹಾಗಿಲ್ಲ. ಡಬ್ಬದ ಅಡಿಗೇ ಹಿಂಜ್‌ನಲ್ಲಿ ಕೂರಿಸಿದ, ಬಿಚ್ಚಲಾಗದ ಸಪೋರ್ಟ್ ರಾಡು ಇರಲೇಬೇಕೆಂದು ಟೆಂಡರಿನಲ್ಲಿ ಬರೆಯಿರಿ. ಹೋಸು ಒಡೆದರೂ ಡಬ್ಬ ದಿಢೀರ್ ಬೀಳದಂತೆ ಎಣ್ಣೆ ತಡೆಯುವ ವಾಲ್ವ್ ಸಿಲಿಂಡರಿನಲ್ಲೇ ಇರಲಿ. ಡಬ್ಬ ಎದ್ದಿರುವಾಗ ಕ್ಯಾಬಿನ್ನಿನಲ್ಲಿ ಕೂಗುವ ಬಜರ್ ಇರಲಿ, ಯಾಕೆಂದರೆ ಯಾರ್ಡಿನ ಮೇಲೆ ಹಾದುಹೋಗುವ ಕರೆಂಟ್ ತಂತಿಗೆ ಎದ್ದ ಡಬ್ಬ ತಾಗಿದರೆ ಡ್ರೈವರು ಉಳಿಯುವುದಿಲ್ಲ. ಡಬ್ಬ ಎಷ್ಟು ಡಿಗ್ರಿ ಏಳುತ್ತದೆ ಎಂಬುದನ್ನೂ ಕೇಳಿ. ಜಲ್ಲಿ, ಮರಳು 45 ಡಿಗ್ರಿಗೆ ಜಾರಿ ಬೀಳುತ್ತವೆ. ಅಂಟು ಹೂಳು ಬೀಳುವುದಿಲ್ಲ, 50 ಆದರೂ ಬೇಕು. ಗದಗ, ವಿಜಯಪುರದ ಎರೆಮಣ್ಣಿನ ಹೂಳಾದರೆ ಅದಕ್ಕೂ ಜಗ್ಗುವುದಿಲ್ಲವೇನೋ. ಬೀಳದಿದ್ದಾಗ ಡ್ರೈವರುಗಳು ಮಾಡುವುದು ಏನೆಂದರೆ, ಎತ್ತಿದ ಡಬ್ಬವನ್ನು ಹಾಗೇ ಇಟ್ಟುಕೊಂಡು ಗಾಡಿಯನ್ನು ಹಿಂದಕ್ಕೆ ಓಡಿಸಿ ಬ್ರೇಕ್ ಒದೆಯುವುದು. ಆ ಜರ್ಕಿಗೆ ಹೂಳು ಬೀಳುತ್ತದೆ, ಹಿಂಜ್ ಪಿನ್ನು ಸವೆಯುತ್ತದೆ, ನೆಲ ಓರೆಯಿದ್ದರೆ ಗಾಡಿಯೇ ಮಗುಚುತ್ತದೆ. ಡಬ್ಬದ ತಳ ನುಣುಪಾಗಿ, ಮೂಲೆಗಳು ದುಂಡಾಗಿ, ಹಿಂಭಾಗ ಮುಂಭಾಗಕ್ಕಿಂತ ತುಸು ಅಗಲವಾಗಿ ಇದ್ದರೆ ಈ ಜರ್ಕು ಬೇಕಾಗುವುದೇ ಇಲ್ಲ. ಇದು ಬಾಡಿ ಕಟ್ಟುವವರಿಗೆ ಗೊತ್ತಿರುವ ವಿದ್ಯೆ. ಕೇಳಿದವರಿಗೆ ಮಾಡಿಕೊಡುತ್ತಾರೆ, ಕೇಳದವರಿಗೆ ಇಲ್ಲ.

ಕೆಲವರು ಬರಿ ಚಾಸಿಸ್ ತಂದು ಇಲ್ಲೇ ಅಗ್ಗಕ್ಕೆ ಬಾಡಿ ಕಟ್ಟಿಸೋಣ ಎನ್ನುತ್ತಾರೆ. ನಾನೇ ಬೆಸುಗೆ ಹಿಡಿದವನಾಗಿ ಹೇಳುತ್ತೇನೆ, ಬೇಡ. ಅನುಮೋದನೆ ಇಲ್ಲದ ಬಾಡಿಗೆ ಆರ್‌ಟಿಒದಲ್ಲಿ ತಕರಾರು ಬರುತ್ತದೆ. ಹೊಸ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಓಡಲು ಯೋಗ್ಯವೆಂಬ ಸರ್ಟಿಫಿಕೇಟು ಅಂದರೆ ಎಫ್‌ಸಿ ಆಗಬೇಕು, ಪ್ರತಿ ಸಲವೂ ಅದೇ ತಕರಾರು. ತೂಕ ಚಾಸಿಸ್ ಮೇಲೆ ಎಲ್ಲಿ ಕೂರಬೇಕು ಎನ್ನುವ ಲೆಕ್ಕವೂ ಶೆಡ್ಡಿನಲ್ಲಿ ಆಗುವಂಥದ್ದಲ್ಲ.

ಕಾನೂನಿನ ಪ್ರಕಾರ ನೀವು ಕಡಿಮೆ ದರದವರಿಗೇ ಕೊಡಬೇಕು, ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ ಎನ್ನುತ್ತೀರಿ. ಇರಲಿ, ಆ ಕಾಯ್ದೆ ಒಳ್ಳೆಯದಕ್ಕೇ ಬಂದದ್ದು. ಆದರೆ ಏನನ್ನು ಕೇಳಬೇಕು ಎನ್ನುವುದು ನಿಮ್ಮ ಕೈಯಲ್ಲೇ ಇದೆ. ಕಂಪನಿಯ ಹೆಸರು ಬರೆಯುವುದು ಬೇಡ, ಅಳತೆ ಬರೆಯಿರಿ. ಇಷ್ಟು ಕಿಲೋ ಹೊರಬೇಕು, ಇಷ್ಟು ಮಿಲಿಮೀಟರ್ ತಗಡು, ಇಷ್ಟು ಡಿಗ್ರಿ ಏಳಬೇಕು, ಅಂಚು ಇಷ್ಟು ಎತ್ತರ ಮೀರಬಾರದು, ಇಷ್ಟು ಕಿಲೋಮೀಟರ್ ಒಳಗೆ ಸರ್ವೀಸ್ ಇರಬೇಕು, ಇಷ್ಟು ದಿನದಲ್ಲಿ ಬಿಡಿಭಾಗ ಬರಬೇಕು. ಹಾಗೆ ಬರೆದ ಮೇಲೆ ಬರುವ ಕಡಿಮೆ ದರವೇ ಬೇರೆ. ‘1.8 ಘನ ಮೀಟರ್ ಹಾಪರ್’ ಎಂದು ಒಂದೇ ಸಾಲು ಬರೆದರೆ ಆ ಸಾಲಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತಾರೆ, ಕೊಟ್ಟವರನ್ನು ದೂರುವ ಹಾಗಿಲ್ಲ.

ಸರ್ಕಾರಿ ಗಾಡಿಗಳಿಗೆ 15 ವರ್ಷ ದಾಟಿದರೆ ನೋಂದಣಿ ಇಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ, ಪುರಸಭೆಗಳಿಗೂ ಅನ್ವಯ. ಕಚೇರಿಯ ಹಿಂದೆ ಹುಲ್ಲು ಬೆಳೆದು ನಿಂತಿರುವ ಹಳೇ 407 ನಿಮಗೆ ದಿನಾ ಕಾಣುತ್ತದೆ. ಅದರ ಎಂಜಿನ್ ನಾನು ಎರಡು ಸಲ ಬಿಚ್ಚಿ ಕಟ್ಟಿದ್ದೇನೆ, ಪಾಟಾ ಒಂದೂ ಮುರಿದಿರಲಿಲ್ಲ. 15 ವರ್ಷ ತುಂಬಿದ್ದಕ್ಕೆ ನಿಂತಿದೆ. ಅದರ ಪಕ್ಕದಲ್ಲಿ ನಿಂತಿರುವ ಎರಡು ಕಸದ ಗಾಡಿಗಳಿಗೆ ಇನ್ನೂ ಏಳು ವರ್ಷ ತುಂಬಿಲ್ಲ. ನಿಮ್ಮ ಅವಧಿ ಐದು ವರ್ಷ. ಈಗ ಕೊಳ್ಳುವ ಗಾಡಿ ಸರಿಯಾಗಿದ್ದರೆ ಇನ್ನೆರಡು ಕೌನ್ಸಿಲ್‌ಗಳು ಬಂದು ಹೋಗುವವರೆಗೆ ಊರನ್ನು ಹೊರುತ್ತದೆ.

ಒಂಬತ್ತನೆಯ ವಿಷಯವನ್ನು ತಿರಸ್ಕರಿಸಿ ಎಂದು ನಾನು ಕೇಳುತ್ತಿಲ್ಲ. ಹದಿನೈದು ದಿನ ಮುಂದಕ್ಕೆ ಹಾಕಿ. ಆ ಹದಿನೈದು ದಿನದಲ್ಲಿ ಹೂಳಿನ ಹತ್ತು ಲೋಡು, ಕಸದ ಹತ್ತು ಲೋಡು ವೇಬ್ರಿಡ್ಜ್ ಹತ್ತಿಸಿ ತೂಕದ ಚೀಟಿ ಫೈಲಿಗೆ ಹಾಕಿಸಿ. ಜೂನಿಯರ್ ಎಂಜಿನಿಯರ್ ಅವರಿಂದ ಎಲ್ಲ ಗಲ್ಲಿಗಳ ಅಗಲ, ತಿರುವು ಅಳೆಸಿ. ಡ್ರೈವರುಗಳನ್ನೂ ಲೋಡರುಗಳನ್ನೂ ಸಭೆಗೆ ಕರೆಸಿ, ಬಾಗಿಲ ಹೊರಗೆ ನಿಲ್ಲಿಸದೆ ಕುರ್ಚಿ ಕೊಟ್ಟು ಕೂರಿಸಿ ಕೇಳಿ. ಗಾಡಿಯ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ನನಗಿಂತ ಹೆಚ್ಚು ವಿಷಯ ಅವರಿಗೆ ಗೊತ್ತಿದೆ. ಈವರೆಗೆ ಅವರನ್ನು ಯಾರೂ ಕೇಳಿಲ್ಲ.

ಮೂರನೇ ವಾರ್ಡಿನ ಗಾಡಿ ಸೋಮವಾರ ಬೆಳಿಗ್ಗೆ ಐದೂವರೆಗೆ ನೀರಿನ ಟ್ಯಾಂಕಿನ ಹತ್ತಿರದಿಂದ ಹೊರಡುತ್ತದೆ. ಭಾನುವಾರದ ಕಸವೂ ಸೇರಿ ವಾರದಲ್ಲೇ ಹೆಚ್ಚು ಹೊರೆ ಅವತ್ತು. ನಿಮ್ಮಲ್ಲಿ ಯಾರು ಬಂದರೂ ಸರಿ, ಒಬ್ಬರೇ ಬಂದರೂ ಸರಿ, ಒಂದು ಸುತ್ತು ಜೊತೆಗೆ ಬನ್ನಿ. ನಾನು ಅಲ್ಲಿರುತ್ತೇನೆ, ಅಳತೆ ಟೇಪು ನಾನೇ ತರುತ್ತೇನೆ.

ನಿಮ್ಮ ವಿಶ್ವಾಸಿ,
ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್